ಅಪ್ಪನ ಮದುವೆ ಕೋಟಿನ ವಿಚಾರಣೆ

ಸ್ನೇಹಿತರೇ, ಇಂದು ಬೆಳಿಗ್ಗೆ ಮುಂಬೈ ಬೊರಿವಲಿಯ ನಮ್ಮ ಒನ್ ಬಿಎಚ್‌ಕೆಯಲ್ಲಿ ಸ್ಟೂಲಿನ ಮೇಲೆ ನಿಂತು ನಾನೊಂದು ಕಾನೂನು ಘೋಷಿಸಿದೆ. ಒಂದು ವರ್ಷದಿಂದ ಯಾರೂ ಹಾಕದ ಬಟ್ಟೆ ಈ ಕಪಾಟಿನಲ್ಲಿ ಇರತಕ್ಕದ್ದಲ್ಲ. ಕಾರಣ, ನನ್ನ ಅಂಗಿಗಳು ಬಹುಕಾಲದಿಂದ ಮಂಚದ ಕೆಳಗೆ ನಿರಾಶ್ರಿತರಾಗಿ ಬದುಕುತ್ತಿವೆ.

ಅಮ್ಮ ಮರುಮಾತಿಲ್ಲದೆ ಎರಡು ಸೀರೆ ತೆಗೆದುಕೊಟ್ಟರು. ಮುಂದಿನ ಆರೋಪಿ ಅಪ್ಪನ ಮದುವೆಯ ಕೋಟು. ಮದುವೆಯ ದಿನ ಹಾಕಿದ್ದು, ಆಮೇಲೆ ನುಸಿಗುಳಿಗೆಗಳ ಜೊತೆಗೇ ಸಂಸಾರ ಮಾಡಿದೆ.

“ಇದನ್ನು ಕೊಟ್ಟುಬಿಡುವ, ಅಪ್ಪ,” ಎಂದೆ.

“ಹಾಕದ್ದನ್ನು ಮಾತ್ರ ಅಲ್ವಾ ಮಾರಾಯ ಕೊಡುದು?” ಎಂದ ಅಪ್ಪ, ಬನಿಯನ್ನಿನ ಮೇಲೆಯೇ ಕೋಟು ಏರಿಸಿದರು. ಗುಂಡಿ ಹೊಟ್ಟೆಯ ಈಚೆ, ಕಾಜ ಆಚೆ. “ಈಗ ಹಾಕಿದೆ ನೋಡು. ಹಾಲು ತರ್ತೇನೆ,” ಎಂದು ಲುಂಗಿಯಲ್ಲೇ ಹೊರಟರು.

ಮಾನ ಉಳಿಸಲು ನಾನು ಹಿಂದೆಯೇ ಓಡಿದೆ. ಲಿಫ್ಟಿನಲ್ಲಿ ಪಕ್ಕದ ಮನೆಯ ಆಂಟಿ ಕೋಟನ್ನು ನೋಡಿ, “ಭಾಯ್‌ಸಾಬ್, ಕಿಸ್ಕೀ ಶಾದೀ ಹೈ?” ಎಂದು ಯಾರ ಮದುವೆಯೆಂದು ವಿಚಾರಿಸಿದರು.

ಅಪ್ಪ ನನ್ನತ್ತ ಬೆರಳು ತೋರಿಸಿ, “ಇಸ್ಕೀ. ಲಡ್ಕೀ ದೇಖ್ ರಹೇ ಹೈಂ,” ಎಂದರು. ನನಗೆ ಹುಡುಗಿ ನೋಡುತ್ತಿದ್ದಾರಂತೆ!

ಹಾಲಿಗಿಂತ ಮೊದಲು ನನ್ನ ಮದುವೆಯ ಸುದ್ದಿ ಮನೆ ತಲುಪಿತ್ತು. ಅಮ್ಮ, ಆಗ ಕೊಟ್ಟಿದ್ದ ಸೀರೆಗಳನ್ನು ಮರಳಿ ಒಳಗಿಡುತ್ತಾ, “ಇನ್ನು ಕಾರ್ಯಕ್ರಮಕ್ಕೆಲ್ಲ ಬೇಕಾಗ್ತದೆ,” ಎಂದರು. ಕೋಟು ಕೂಡ ಜಯಶಾಲಿಯಾಗಿ ಒಳಹೋಯಿತು.

ಮಧ್ಯಾಹ್ನದಿಂದ ಅಮ್ಮನ ವಾಟ್ಸಾಪಿಗೆ ಹುಡುಗಿಯರ ಫೋಟೊಗಳು ಬರತೊಡಗಿವೆ. ವರನ ಹೆಸರಿನಲ್ಲಿ ಸದ್ಯಕ್ಕೆ ಒಂದು ಹ್ಯಾಂಗರ್ ಕೂಡ ಇಲ್ಲವೆಂಬುದನ್ನು ಹುಡುಗಿಯ ಕಡೆಯವರು ದಯವಿಟ್ಟು ಗಮನಿಸತಕ್ಕದ್ದು.