ಗಡಿಕಲ್ಲು ಮತ್ತು ಐರಿನಕ್ಕನ ಮೊಣಕಾಲು

ಮೊನ್ನೆ ಶುಕ್ರವಾರ ಬೀರುವಿನ ಮೇಲಿಂದ ಸೂಟ್‌ಕೇಸ್ ಇಳಿಸುವಾಗ ಅದರ ಹಿಂದಿದ್ದ ಪ್ಲಾಸ್ಟಿಕ್ ಚೀಲವೊಂದು ನನ್ನ ತಲೆಯ ಮೇಲೆ ಬಿತ್ತು. ಒಳಗೆ ಬೆಟ್ಟ ಹತ್ತಲೆಂದು ಒಮ್ಮೆ ಕೊಂಡಿದ್ದ ಬೂಟುಗಳು. ಆರು ವರ್ಷ ಬಹರೈನಿನ ಸೆಕೆಯಲ್ಲಿ ಬೆಂದು ಅಟ್ಟೆಯ ಅಂಟು ಬಿಟ್ಟು ಬಾಯಿ ತೆರೆದುಕೊಂಡಿದ್ದವು. ಮೂಗಿಗೆ ಹಿಡಿದರೆ ಒದ್ದೆ ಹುಲ್ಲಿನ, ಸೆಗಣಿಯ ವಾಸನೆ ಇನ್ನೂ ಸಣ್ಣಗೆ ಉಳಿದಿತ್ತು. ಬೂಟು ಮೂಸುತ್ತಾ ನಿಂತ ಗಂಡನನ್ನು ಕಂಡೂ ನನ್ನ ಹೆಂಡತಿ ವಿಜಯಾ ಸೂಟ್‌ಕೇಸಿನ ಧೂಳು ಒರೆಸತೊಡಗಿದಳು. ಇಷ್ಟು ವರ್ಷದ ಸಂಸಾರದಲ್ಲಿ ಇದಕ್ಕಿಂತ ವಿಚಿತ್ರವಾದುದನ್ನು ಅವಳು ನೋಡಿದ್ದಾಳೆ.

ಈ ಮರಳಿನ ದ್ವೀಪದಲ್ಲಿ ಬೆಟ್ಟ ಹತ್ತುವ ಬೂಟು ಯಾಕಪ್ಪಾ ಎಂದು ನೀವು ಕೇಳಬಹುದು. ನಾನು ದಾವಣಗೆರೆಯ ಬಯಲಿನವನು. ಅಲ್ಲಿಂದ ಬಂದು ಸೇರಿದ್ದು ಅದಕ್ಕಿಂತ ದೊಡ್ಡ ಬಯಲಿಗೆ. ಕೆಲಸ, ಲಿಫ್ಟ್ ಕೂರಿಸಿ ರಿಪೇರಿ ಮಾಡುವ ಕಂಪನಿಯಲ್ಲಿ. ಅಂದರೆ, ಜನ ಮೆಟ್ಟಿಲು ಹತ್ತದಂತೆ ನೋಡಿಕೊಳ್ಳುವುದೇ ನನ್ನ ವೃತ್ತಿ. ಆ ವೃತ್ತಿಧರ್ಮವನ್ನು ನಾನೂ ಇಪ್ಪತ್ತು ವರ್ಷ ನಿಷ್ಠೆಯಿಂದ ಪಾಲಿಸಿದೆ. ಫಲವಾಗಿ ಐವತ್ತು ದಾಟುತ್ತಲೇ ಎದೆನೋವು ಬಂದು, ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದೆ.

ಡಾಕ್ಟರು ನಡೆಯಿರಿ ಎಂದರು. ನಾನು ಕೂತೆ. ಹೆದರಿಕೆ ಎಂಥದಿತ್ತು ಅಂತೀರಿ? ಸ್ನಾನಕ್ಕೆ ಹೋದರೆ ಒಳಗಿನಿಂದ ಚಿಲಕ ಹಾಕುತ್ತಿರಲಿಲ್ಲ. ಮಾತಾಡುತ್ತಾ ಇದ್ದರೆ ಕೈ ತಾನಾಗಿ ಎದೆಯ ಮೇಲೆ ಹೋಗಿ ಕೂರುತ್ತಿತ್ತು. ವಿಜಯಾ ನನ್ನ ಕೈಯಿಂದ ತರಕಾರಿ ಚೀಲವನ್ನೂ ಕಿತ್ತುಕೊಳ್ಳುತ್ತಿದ್ದಳು, ನಾನು ಕೊಟ್ಟುಬಿಡುತ್ತಿದ್ದೆ. ಹೀಗೇ ಕೂತಲ್ಲೇ ಮುದುಕನಾಗಿಬಿಡುತ್ತೇನೆಂದು ಗೊತ್ತಿತ್ತು. ಏಳುವ ಧೈರ್ಯ ಮಾತ್ರ ಇರಲಿಲ್ಲ.

ಆಗ ಅದ್ಲಿಯಾ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದವರು ಐರಿನಕ್ಕ. ಕರಾವಳಿಯ ಶಿರ್ವದ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್, ಅರವತ್ತರ ಹತ್ತಿರ. ಗಂಡ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಇಲ್ಲೇ ಬಹರೈನಿನ ಈಸಾ ಟೌನಿನಲ್ಲಿ ಟೀಚರ್. ಮಕ್ಕಳಿಗೆ ಕಿಟಕಿಯಾಚೆ ಇಲ್ಲದ ವಿಮಾನ ತೋರಿಸಿ ಸೂಜಿ ಚುಚ್ಚುವುದರಲ್ಲಿ ಅವರು ಹೆಸರುವಾಸಿ. ಒಂದು ದಿನ ನಮ್ಮ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ಮಾರಾಯ, ಒಳ್ಳೆ ಬಾಣಂತಿ ಹಾಗೆ ಕೂತಿದ್ದೀಯಲ್ಲ. ಏಳು, ಹೋಗುವ."

"ಎಲ್ಲಿಗೆ ಅಕ್ಕ?"

"ಆಸ್ಟ್ರಿಯಾಕ್ಕೆ."

ಅವರ ತಂಗಿ ಕನ್ಯಾಸ್ತ್ರೀ. ಆಸ್ಟ್ರಿಯಾ ಮತ್ತು ಇಟಲಿಯ ಗಡಿಯಲ್ಲಿ, ಹಿಮದ ಬೆಟ್ಟಗಳ ನಡುವಿನ ಒಂದು ಕಣಿವೆಯ ವೃದ್ಧಾಶ್ರಮದಲ್ಲಿ ಸೇವೆಗಿದ್ದರು. ಕರಾವಳಿಯ ಕ್ರೈಸ್ತರ ಮನೆಗೆ ಯುರೋಪಿನಲ್ಲೊಬ್ಬ ತಂಗಿ ಇರುವುದು, ನಮ್ಮ ಕಡೆಯವರಿಗೆ ಹರಿಹರದಲ್ಲೊಬ್ಬ ಸೋದರಮಾವ ಇರುವಷ್ಟೇ ಸಹಜ. ಬೇಸಿಗೆಯಲ್ಲಿ ಅಲ್ಲಿ ಎರಡು ಕೋಣೆ ಖಾಲಿ ಇರುತ್ತವಂತೆ, ಬೆಟ್ಟದ ತುಂಬ ನಡೆಯುವ ದಾರಿಗಳಿವೆಯಂತೆ. ಹೊರಡಲು ಆರು ತಿಂಗಳಿತ್ತು. ಅಲ್ಲಿಯವರೆಗೆ ನಾನು ಏರು ಹತ್ತುವ ಅಭ್ಯಾಸ ಮಾಡಬೇಕು ಎಂದು ಐರಿನಕ್ಕ ತೀರ್ಪು ಕೊಟ್ಟರು. ಡಾಕ್ಟರನ್ನು ಕೇಳಿದರೆ ಅವರೂ ಸಂತೋಷದಿಂದ ಹೂಂ ಅಂದುಬಿಟ್ಟರು.

ಬಹರೈನಿನಲ್ಲಿ ಏರು ಎಲ್ಲಿಂದ ತರುವುದು? ಮೊದಲು ಅರಾದ್‌ನ ಸಮುದ್ರದಂಚಿನಲ್ಲಿ ನಡೆದೆವು; ಅದು ದೋಸೆಕಲ್ಲಿನಷ್ಟು ಸಮತಟ್ಟು. ಕೊನೆಗೆ ಐರಿನಕ್ಕನೇ ಪರಿಹಾರ ಕಂಡುಹಿಡಿದರು: ಒಂದು ಮಾಲ್‌ನ ಆರು ಅಂತಸ್ತಿನ ಪಾರ್ಕಿಂಗು. ಶುಕ್ರವಾರ ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, ಕಾರು ಏರುವ ಇಳಿಜಾರಿನಲ್ಲಿ ನಾವಿಬ್ಬರು ಹತ್ತುವುದು, ಇಳಿಯುವುದು. ಬೆನ್ನಿನ ಚೀಲದಲ್ಲಿ ತಲಾ ಮೂರು ಕಿಲೋ ಅಕ್ಕಿ. ನನ್ನದರಲ್ಲಿ ಸೋನಾ ಮಸೂರಿ, ಅವರದರಲ್ಲಿ ಕುಚ್ಚಲಕ್ಕಿ. ಅಲ್ಲಿನ ನೇಪಾಳಿ ವಾಚ್‌ಮನ್ ಮೊದಲ ವಾರವೇ, ನಿಲ್ಲಿಸಿದ ಕಾರು ಸಿಗದೆ ಹುಡುಕುತ್ತಿದ್ದೇವೆಂದುಕೊಂಡು ಕನಿಕರದಿಂದ ಕೇಳಿದ್ದ, "ಗಾಡಿ ನಹೀ ಮಿಲಾ ಕ್ಯಾ, ಸರ್?" ನಾಲ್ಕನೇ ವಾರದ ಹೊತ್ತಿಗೆ, ಈ ಇಬ್ಬರಿಗೂ ಕಾರೇ ಇಲ್ಲ, ತಲೆಯೂ ನೆಟ್ಟಗಿಲ್ಲ ಎಂದು ತೀರ್ಮಾನಿಸಿ ಸಲಾಮು ಹೊಡೆಯಲು ಶುರುಮಾಡಿದ.

ಇಳಿಯುವಾಗ ಐರಿನಕ್ಕ ಗೋಡೆ ಹಿಡಿದು ನಿಧಾನ ಬರುತ್ತಿದ್ದರು. ನನಗಾಗಿ ಕಾಯುತ್ತಿದ್ದಾರೆ ಎಂದುಕೊಂಡಿದ್ದೆ.

ಜುಲೈ ತಿಂಗಳಲ್ಲಿ ಐರಿನಕ್ಕ, ವಿಜಯಾ, ನಾನು ಮೂವರೂ ಹೋದೆವು. ಆ ಕಣಿವೆಯ ದಾರಿಗಳದ್ದು ಬೇರೆಯೇ ರೀತಿ. ಕವಲಿನಲ್ಲೆಲ್ಲ ಹಳದಿ ಫಲಕ. ಅದರ ಮೇಲೆ ಕಿಲೋಮೀಟರ್ ಇರುವುದಿಲ್ಲ, ಗಂಟೆ ಇರುತ್ತದೆ. ಇಂಥ ಕಣಿವೆಬಾಯಿಗೆ ಎರಡು ಗಂಟೆ, ಇಂಥ ಕೆರೆಗೆ ಒಂದೂವರೆ. ಯಾರ ಎರಡು ಗಂಟೆ ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ದಾರಿ ತಪ್ಪದಂತೆ ಬಂಡೆಗಳ ಮೇಲೆ ಕೆಂಪು ಬಿಳಿ ಪಟ್ಟೆ. ಎದುರು ಬಂದವರೆಲ್ಲ ನಕ್ಕು ನಮಸ್ಕಾರ ಹೇಳಿಯೇ ಮುಂದೆ ಹೋಗಬೇಕು. ನನ್ನ ಬಾಯಿಗೆ ಅಭ್ಯಾಸಬಲದಿಂದ ಬಂದದ್ದು "ಸಲಾಮಲೇಕುಂ". ಹುಲ್ಲು ಕೊಯ್ಯುತ್ತಿದ್ದ ಮುದುಕನೊಬ್ಬ ಒಂದು ಕ್ಷಣ ಯೋಚಿಸಿ ಟೋಪಿ ತೆಗೆದ.

ನಾಲ್ಕನೇ ದಿನ ವಿಜಯಾ ಆಶ್ರಮದ ಅಜ್ಜಿಯರಿಗೆ ಉಪ್ಪಿಟ್ಟು ಮಾಡಿ ತಿನ್ನಿಸುತ್ತೇನೆಂದು ಉಳಿದಳು. ನಾವಿಬ್ಬರು ಗಡಿ ಹಾದುಹೋಗುವ ಬೆಟ್ಟದ ಏಣಿನತ್ತ ಹೊರಟೆವು. ಫಲಕದ ಎರಡು ಗಂಟೆ ನಮಗೆ ನಾಲ್ಕಾಯಿತು. ಮೇಲೆ ತಲುಪಿದರೆ ಅಲ್ಲಿ ಬೇಲಿಯಿಲ್ಲ, ಠಾಣೆಯಿಲ್ಲ, ಒಂದು ನರಪಿಳ್ಳೆಯಿಲ್ಲ. ಮೊಣಕಾಲೆತ್ತರದ ಒಂದು ಕಲ್ಲು; ಈ ಮಗ್ಗುಲಿಗೆ ಒಂದು ದೇಶದ ಅಕ್ಷರ, ಆ ಮಗ್ಗುಲಿಗೆ ಇನ್ನೊಂದರದು. ಪಕ್ಕದಲ್ಲಿ ಗಂಟೆ ಕಟ್ಟಿಕೊಂಡ ದನ. ಕಲ್ಲಿನಾಚೆ ಕಾಲು ಗಂಟೆಯ ಏರಿನ ಮೇಲೆ, ಹೊಗೆಯಾಡುತ್ತಿದ್ದ ಒಂದು ಮರದ ಮನೆ. ನಡೆಯುವವರಿಗೆ ಅಲ್ಲಿ ಊಟ, ಚಹಾ ಸಿಗುತ್ತದೆ.

ನಾನು ಕಲ್ಲಿನ ಈಚೆಗೇ ಕೂತುಬಿಟ್ಟೆ.

ಗಲ್ಫಿನಲ್ಲಿ ಬದುಕಿದವರಿಗೆ ಇದು ಅರ್ಥವಾದೀತು. ಸೇತುವೆ ದಾಟಿ ಸೌದಿಗೆ ಹೋಗಿ ಬಂದರೂ ಪಾಸ್‌ಪೋರ್ಟು ತೋರಿಸಿ ಕಾಯುವ ಜನ ನಾವು. ಕಾಗದವಿಲ್ಲದೆ ಗಡಿ ದಾಟುವುದೆಂದರೆ ನಮ್ಮ ಕಾಲು ತಾನಾಗಿ ನಿಲ್ಲುತ್ತದೆ.

"ನಾನು ದಾಟಲ್ಲ ಅಕ್ಕ. ನನ್ನ ವೀಸಾ ಸಿಂಗಲ್ ಎಂಟ್ರಿ. ಆ ಕಡೆ ಹೋದ್ರೆ ವಾಪಸ್ ಬಿಡ್ತಾರೋ ಇಲ್ವೋ. ಮುದ್ರೆ ಒತ್ತೋರು ಯಾರೂ ಕಾಣ್ತಿಲ್ಲ."

"ಮುದ್ರೆ ಯಾರು ಹಾಕುವುದು, ಆ ದನವಾ? ಎರಡು ದೇಶಕ್ಕೂ ಒಂದೇ ವೀಸಾ ಅಂತ ತಂಗಿ ಹೇಳಲಿಲ್ವಾ ನಿನಗೆ?"

ಹೇಳಿದ್ದರು. ಆದರೂ ನಾನು ಏಳಲಿಲ್ಲ. ಐರಿನಕ್ಕ ಪಕ್ಕದಲ್ಲಿ ಕೂತು ನನ್ನ ಮಣಿಕಟ್ಟು ಹಿಡಿದು, ತಮ್ಮ ಗಡಿಯಾರ ನೋಡುತ್ತಾ ನಾಡಿ ಎಣಿಸಿದರು.

"ನಿನಗೆ ವೀಸಾದ ಹೆದರಿಕೆ ಅಲ್ಲ."

"ಎದೆ ಹೊಡ್ಕೊಳ್ತಿದೆ ಅಕ್ಕ. ಇನ್ನೂ ಹತ್ತಿದ್ರೆ ಏನಾಗತ್ತೋ."

"ಗುಡ್ಡ ಹತ್ತಿದರೆ ಹೊಡ್ಕೊಳ್ಳುತ್ತದೆ. ಹೊಡ್ಕೊಳ್ಳದಿದ್ದರೆ ಹೆದರು. ನೋವು ಉಂಟಾ?"

"ಇಲ್ಲ."

"ಹಾಗಾದರೆ ನಿನ್ನದು ಸರಿ ಉಂಟು. ನನ್ನ ಮೊಣಗಂಟು ಆಗುವುದಿಲ್ಲ ಇನ್ನು. ನಾನು ಇಲ್ಲೇ ಕೂರ್ತೇನೆ. ನೀನು ಹೋಗಿ ನನಗೊಂದು ಚಹಾ ತಾ."

ಫ್ಲಾಸ್ಕನ್ನು ನನ್ನ ಮಡಿಲಿಗೆ ಹಾಕಿ ಬೆಟ್ಟ ನೋಡುತ್ತಾ ಕೂತರು. ಅರವತ್ತರ ಹೆಂಗಸೊಬ್ಬರು ಚಹಾ ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ಕಲ್ಲು ದಾಟಿದೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಒಬ್ಬನೇ ಎಲ್ಲಿಗೂ ಹೋದದ್ದಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತೆ; ಆಮೇಲೆ ಮೂವತ್ತು ಹೆಜ್ಜೆಗೊಮ್ಮೆ; ಆಮೇಲೆ ನಿಲ್ಲುವುದು ಮರೆತುಹೋಯಿತು. ಆ ಮನೆಯ ಹೆಂಗಸು ಫ್ಲಾಸ್ಕು ತುಂಬಿಸಿ ಕೊಡುವಾಗ ಎರಡೂ ಕೈ ಚಾಚಿದೆ. ಅಷ್ಟು ದಾರಿ ಎದೆ ಮುಟ್ಟಿ ನೋಡಿಕೊಳ್ಳದೆ ಬಂದಿದ್ದೇನೆಂದು ಆಗ ಹೊಳೆಯಿತು. ಕಣ್ಣಲ್ಲಿ ನೀರು ಬಂತು. ಆಕೆ ಹೊಗೆಗೆ ಎಂದುಕೊಂಡು ಕಿಟಕಿ ತೆರೆದಳು.

ನಾನು ಓಡೋಡಿ ಇಳಿದು ಬಂದರೆ ಐರಿನಕ್ಕ ಚಟ್ಟನೆ ಎದ್ದು ನಿಂತರು, ಚಹಾ ಕುಡಿದು ಸಕ್ಕರೆ ಸಾಲದೆಂದರು. ಓಹೋ, ಮೊಣಗಂಟಿನ ನೋವೂ ಮಕ್ಕಳಿಗೆ ತೋರಿಸುವಂಥ ಇನ್ನೊಂದು ಇಲ್ಲದ ವಿಮಾನ ಎಂದು ನನಗೆ ಖಾತ್ರಿಯಾಯಿತು. ಕೆಳಗಿಳಿಯುವ ದಾರಿಯುದ್ದಕ್ಕೂ ಅವರು ಕುಂಟುತ್ತಾ, ಅಡ್ಡಡ್ಡ ಹೆಜ್ಜೆ ಇಡುತ್ತಾ ಬಂದರು. ನಾನು ನಗುತ್ತಾ, "ಕೆಲಸ ಆಯ್ತಲ್ಲ ಅಕ್ಕ, ನಾಟಕ ಇನ್ನು ಸಾಕು" ಎಂದೆ. ಅವರೂ ನಕ್ಕರು. ಆಮೇಲೆ ಆರು ವರ್ಷ ಈ ಕಥೆಯನ್ನು ನಾನು ಸಿಕ್ಕ ಸಿಕ್ಕ ಪಾರ್ಟಿಯಲ್ಲಿ, ಅವರ ನಟನೆಯನ್ನು ನಟಿಸಿ ತೋರಿಸುತ್ತಾ ಹೇಳಿದ್ದೇನೆ. ಅವರೂ ಎದುರಿಗೆ ಕೂತು ನಗುತ್ತಿದ್ದರು.

ಈಗ ಐರಿನಕ್ಕ ರಿಟೈರಾಗಿ ಮಗಳ ಜೊತೆ ಈಸಾ ಟೌನಿನಲ್ಲಿದ್ದಾರೆ. ಹೋದ ತಿಂಗಳು ಬಲ ಮೊಣಕಾಲಿನ ಆಪರೇಶನ್ ಆಯಿತು. ಮೊನ್ನೆ ಬೂಟು ಸಿಕ್ಕ ಸಂಭ್ರಮದಲ್ಲಿ ಅಲ್ಲಿಗೆ ಹೋಗಿ ಅದೇ ಕಥೆ ತೆಗೆದೆ. ಮಗಳು ಚಹಾ ತಂದಿಡುತ್ತಾ ನನ್ನ ಮುಖ ನೋಡಿದಳು.

"ಅಂಕಲ್, ನೀವಿಬ್ಬರು ಪಾರ್ಕಿಂಗ್ ಹತ್ತಲು ಶುರುಮಾಡುವ ಮೊದಲೇ ಎಕ್ಸ್‌ರೇ ತೆಗೆದು, ಏರು ಇಳಿಜಾರು ಎಲ್ಲ ಬೇಡ ಅಂತ ಡಾಕ್ಟರ್ ಹೇಳಿದ್ದರು ಮಮ್ಮಿಗೆ. ನಿಮಗೆ ಗೊತ್ತಿರಲಿಲ್ವಾ?"

ನನ್ನ ನಗು ಅಲ್ಲೇ ನಿಂತಿತು. ಆರು ತಿಂಗಳ ಶುಕ್ರವಾರಗಳು, ಬೆನ್ನ ಮೇಲೆ ಮೂರು ಕಿಲೋ ಅಕ್ಕಿ.

"ಯಾಕಕ್ಕ ಹೇಳಲಿಲ್ಲ?"

"ಹೇಳಿದ್ದರೆ ನೀನು ಬರ್ತಿದ್ದೆಯಾ? ಒಳ್ಳೆ ನೆಪ ಸಿಕ್ಕಿತು ಅಂತ ಮನೆಯಲ್ಲೇ ಕೂರ್ತಿದ್ದೆ."

ನಾನು ಅವರ ಕೈ ಹಿಡಿದುಕೊಂಡು, ಇಷ್ಟು ವರ್ಷ ಹೇಳದೇ ಉಳಿದದ್ದನ್ನು ಹೇಳಿದೆ. ನೀವಿಲ್ಲದಿದ್ದರೆ ನಾನಿವತ್ತು ಮನುಷ್ಯನಾಗಿ ಉಳಿದಿರುತ್ತಿರಲಿಲ್ಲ ಎಂದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಮೆಲ್ಲಗೆ, "ಹೊಸ ಕಾಲು ಊರಲಿಕ್ಕೆ ನನಗೆ ಹೆದರಿಕೆ ಆಗ್ತದೆ ಮಾರಾಯ" ಎಂದರು. ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಅವತ್ತು ಬಾಗಿಲವರೆಗೆ ಹೋಗಿ ಬಂದೆವು. ನಿನ್ನೆ ರಸ್ತೆಯ ತಿರುವಿನವರೆಗೆ. ನೋವಾದರೆ ಬಾಯಿಬಿಟ್ಟು ಹೇಳಲೇಬೇಕು ಎಂದು ಕರಾರು ಮಾಡಿಕೊಂಡಿದ್ದೇನೆ. ಇದುವರೆಗೆ ಅವರು ಒಮ್ಮೆಯೂ ಹೇಳಿಲ್ಲ. ನಾನೇ ಅವರ ಮುಖ ನೋಡಿಕೊಂಡು ನಡೆಯುತ್ತೇನೆ, ನೋಡಿ ನಿಲ್ಲುತ್ತೇನೆ.