ಗೋಡೆಯ ಬಾಗಿಲಿನ ಫ್ರೂಮೆಟ್

ಫ್ರೂಮೆಟ್‌ಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ. ಇಸ್ರೇಲಿನ ಅಶ್ದೋದ್‌ನ ನಮ್ಮ ಮಡಿವಂತ ಯೆಹೂದಿಗಳ ಕಡಲತೀರಕ್ಕೆ ವಾರದಲ್ಲಿ ಮೂರು ದಿನ ಹೆಂಗಸರು ಹೋಗುತ್ತೇವೆ, ಮೂರು ದಿನ ಗಂಡಸರು. ಸುತ್ತಲಿನ ಹಲಗೆಗೋಡೆ ನೀರಿನೊಳಗೂ ನಾಲ್ಕು ಮಾರು ಹೋಗಿ ನಿಲ್ಲುತ್ತದೆ. ಆ ಗೋಡೆಯ ಬಾಗಿಲಲ್ಲಿ ಭಾನುವಾರ, ಮಂಗಳವಾರ, ಗುರುವಾರ ಬೆಳಿಗ್ಗೆ ಏಳಕ್ಕೇ ಬಿಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವಳು ಕೂತಿರುತ್ತಿದ್ದಳು. ನಗರಸಭೆಯವರು ನೇಮಿಸಿದ್ದಲ್ಲ, ನಮ್ಮ ಧರ್ಮಗುರು ರಬ್ಬಿಗಳು ಹೇಳಿದ್ದಲ್ಲ. ತಾನೇ ಬಂದು ಕೂತಳು. ಕೂತವಳು ಏಳಲಿಲ್ಲ.

"ಏನಮ್ಮಾ, ಆ ಚೀಲ ಬಿಚ್ಚು. ಫೋನಲ್ಲಿ ಕ್ಯಾಮೆರಾ ಇದ್ಯಾ? ಇದ್ರೆ ನೀನೂ ಹೊರಗೆ, ಅದೂ ಹೊರಗೆ."

ಹೀಗೆ ಶುರು. ಬಂದವರ ತಲೆವಸ್ತ್ರ, ಕಾಲುಚೀಲ, ತಿಂಡಿಯ ಡಬ್ಬಿ ಎಲ್ಲದರ ಮೇಲೂ ಅವಳದೊಂದು ಮಾತು ಬೀಳಲೇಬೇಕು. ಹೆಂಗಸರ ದಿನವೂ ಕಾವಲುಗೋಪುರದ ಮೇಲೆ ಮುಳುಗುವವರನ್ನು ಕಾಯಲು ಕೂರುವವನು ಗಂಡಸೇ. ಅವನ ಮುಖ ಸ್ವಲ್ಪ ಈಚೆ ತಿರುಗಿದರೆ ಸಾಕು, ಕುರ್ಚಿಯಿಂದಲೇ ಗಂಟಲು ಹರಿದುಕೊಳ್ಳುತ್ತಿದ್ದಳು. "ಏಯ್! ನೀರು ನೋಡೋ, ನೀರು! ನಿಂಗೆ ಸಂಬಳ ಕೊಡೋದು ನೀರು ನೋಡಕ್ಕೆ!" ಪಾಪದವನು ಕೊನೆಗೆ ಕಪ್ಪು ಕನ್ನಡಕ ಹಾಕಿಕೊಂಡು ಬರಲು ಶುರುಮಾಡಿದ. ಅದಕ್ಕೂ ಬೈದಳು, ಎತ್ತ ನೋಡುತ್ತಿದ್ದಾನೋ ಗೊತ್ತಾಗುವುದಿಲ್ಲವಂತೆ.

ಅದಕ್ಕೆ ಮುಂಚೆ ಮೂವತ್ತೊಂದು ವರ್ಷ ಅವಳು ಮಿಕ್ವೆಯಲ್ಲಿ, ಅಂದರೆ ಮುಟ್ಟು ಕಳೆದ ಹೆಂಗಸರು ಮುಳುಗೆದ್ದು ಶುದ್ಧರಾಗುವ ಕೊಳದಲ್ಲಿ, ಕೆಲಸಕ್ಕಿದ್ದಳು. ಉಗುರಿನ ಸಂದಿಯಲ್ಲಿ ಕೊಳೆ ಇದೆಯೇ, ಬೆನ್ನಿಗೆ ಕೂದಲು ಅಂಟಿದೆಯೇ ಎಂದು ನೋಡಿ ನೀರಿಗೆ ಇಳಿಸುವುದು ಅವಳ ಕೆಲಸ. ಊರಿನ ಅರ್ಧ ಹೆಂಗಸರ ಮಚ್ಚೆ, ಹೆರಿಗೆಯ ಗಾಯ, ಗಂಡ ಹೊಡೆದ ಗುರುತು ಅವಳು ಕಂಡಿದ್ದಳು. ಒಂದನ್ನೂ ಹೊರಗೆ ಬಿಟ್ಟವಳಲ್ಲ. ಹೊಗಳುವವರು ಇದನ್ನೇ ಹೇಳಿ ಹೊಗಳುತ್ತಿದ್ದರು. ನನಗೋ ಅವಳೆದುರು ನಿಂತರೆ ಮೈಮೇಲೆ ಬಟ್ಟೆಯಿದ್ದರೂ ಇಲ್ಲದ ಹಾಗೆ ಆಗುತ್ತಿತ್ತು.

ನನ್ನ ಮಗಳು ಹೆಂಚೆಗೆ ಆಗ ಹತ್ತೊಂಬತ್ತು. ಓದಿನಲ್ಲಿ, ಅಡುಗೆಯಲ್ಲಿ, ನಡತೆಯಲ್ಲಿ ಬೆರಳು ತೋರಿಸುವ ಹಾಗಿಲ್ಲ. ಹದಿಮೂರನೆಯ ವಯಸ್ಸಿಗೆ ತೊಡೆಯ ಮೇಲೆ, ಹೊಟ್ಟೆಯ ಮೇಲೆ ತೊನ್ನು ಕಾಣಿಸಿಕೊಂಡಿತು. ಕೈಗೆ ಬರಲಿಲ್ಲ, ಮುಖಕ್ಕೆ ಬರಲಿಲ್ಲ. ದೇವರು ಅಷ್ಟು ಕರುಣೆ ತೋರಿಸಿದ ಮೇಲೆ ನಾನೇಕೆ ಡಂಗುರ ಸಾರಲಿ? ನನಗೆ, ಅವಳಪ್ಪನಿಗೆ, ವೈದ್ಯರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೆಂಗಸರೇ ಇರುವ ಕಡಲಿನಲ್ಲೂ ಅವಳು ಪಾದದವರೆಗಿನ ನಿಲುವಂಗಿಯಲ್ಲೇ ಈಜುತ್ತಿದ್ದಳು. ಮರ್ಯಾದೆಯ ಹುಡುಗಿ ಎಂದು ಜನ ಮೆಚ್ಚಿಕೊಂಡರು.

ಆ ಬೇಸಿಗೆ, ತಾಗಿದರೆ ಮೈ ಉರಿಯೇಳುವ ಜೆಲ್ಲಿ ಮೀನುಗಳು ದಂಡೆತ್ತಿ ಬಂದವು. ಒಂದು ಭಾನುವಾರ ಹೆಂಚೆ ನೀರಿನಲ್ಲೇ ಕಿರುಚಿಕೊಂಡಳು. ನಾನು ದಡದಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ನಾನು ಎದ್ದು ನಿಲ್ಲುವಷ್ಟರಲ್ಲಿ ಎಪ್ಪತ್ತರ ಫ್ರೂಮೆಟ್ ಕಾಲುಚೀಲದ ಸಮೇತ ನೀರಿಗೆ ನುಗ್ಗಿ, ಹುಡುಗಿಯನ್ನು ಎಳೆದು ತಂದು, ಗೋಡೆಯ ಮೂಲೆಯಲ್ಲಿ ಕೂರಿಸಿ, ನಿಲುವಂಗಿಯನ್ನು ಸೊಂಟದವರೆಗೆ ಎತ್ತಿ ಕಡಲ ನೀರು ಸುರಿಯುತ್ತಿದ್ದಳು. ತನ್ನ ಅಗಲವಾದ ಬೆನ್ನನ್ನು ಜನರ ಕಡೆಗೆ ಕೊಟ್ಟು ಕೂತಿದ್ದರಿಂದ ಬೇರೆ ಯಾರೂ ನೋಡಲಿಲ್ಲ. ಅವಳು ನೋಡಿದಳು. ನನ್ನತ್ತಲೂ ಒಂದು ಸಲ ನೋಡಿದಳು. ಬಟ್ಟೆ ಇಳಿಸಿ, "ಉರಿ ಸಂಜೆ ಹೊತ್ತಿಗೆ ಇಳಿಯತ್ತೆ. ಉಜ್ಜಬೇಡ" ಎಂದಷ್ಟೇ ಹೇಳಿ ಕುರ್ಚಿಗೆ ಹೋದಳು.

ಥ್ಯಾಂಕ್ಸ್ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಕಂಡದ್ದೇ ನನಗೆ ಭಯವಾಗಿತ್ತು, ಏಕೆಂದರೆ ಹಿಂದಿನ ವಾರವಷ್ಟೇ ಹೆಂಚೆಗೆ ಸಂಬಂಧವೊಂದು ಬಂದಿತ್ತು. ಬ್ನೇ ಬ್ರಾಕ್‌ನ ಟೌಬರ್ ಮನೆತನ. ಹುಡುಗ ಓದಿದವನು, ಮೃದು. ಎರಡು ಸಲ ಕೂತು ಮಾತಾಡಿದ್ದರು. ಮಗಳು ಮನೆಯಲ್ಲಿ ತಟ್ಟೆ ತೊಳೆಯುತ್ತಾ ಹಾಡಿಕೊಳ್ಳುತ್ತಿದ್ದಳು. ತೊನ್ನಿನ ವಿಷಯ ತಾನೇ ಹುಡುಗನಿಗೆ ಹೇಳುತ್ತೇನೆಂದು ಅವಳು ಪಟ್ಟು ಹಿಡಿದಾಗ, ಮೂರನೆಯ ಭೇಟಿಯವರೆಗೆ ತಡೆ ಎಂದು ನಾನೇ ತಡೆದಿದ್ದೆ.

ಮಂಗಳವಾರ ಹುಡುಗನ ತಾಯಿ ಶೈಂಡ್ಲ್ ಟೌಬರ್ ಬಸ್ಸು ಹತ್ತಿ ನಮ್ಮ ಕಡಲತೀರಕ್ಕೆ ಬಂದಳು. ಈಜಲು ಬಂದವಳಲ್ಲ, ವಿಚಾರಿಸಲು ಬಂದವಳು. ಹುಡುಗಿಯ ಬಗ್ಗೆ ನೆರೆಹೊರೆಯಲ್ಲಿ ಕೇಳುವುದು ನಮ್ಮಲ್ಲಿ ಇದ್ದದ್ದೇ. ನಾನು ಕೊಡೆಯ ಮರೆಯಲ್ಲಿ ಕೂತು ನೋಡಿದೆ. ಶೈಂಡ್ಲ್ ಫ್ರೂಮೆಟ್ ಪಕ್ಕ ಮರಳಿನ ಮೇಲೆ ಕೂತು, ಅವಳು ಕೊಟ್ಟ ಕಲ್ಲಂಗಡಿ ತಿನ್ನುತ್ತಾ ಅರ್ಧ ಗಂಟೆ ಮಾತಾಡಿದಳು. ಬೀಜ ಉಗುಳುತ್ತಾ ಇಬ್ಬರೂ ಒಮ್ಮೆ ನಕ್ಕರು.

ಬುಧವಾರ ಮಧ್ಯಾಹ್ನ ಸಂಬಂಧ ತಂದಿದ್ದ ಮಿರ್ಲ್ ಫೋನ್ ಮಾಡಿದಳು. "ಅವರು ಬೇಡ ಅಂದ್ರು ಬ್ರೈನ. ಕಾರಣ ನಾನು ಕೇಳಲ್ಲ, ನೀನೂ ಕೇಳ್ಬೇಡ." ನಮ್ಮಲ್ಲಿ ಕಾರಣ ಹೇಳುವ ರೂಢಿಯಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ.

ಗುರುವಾರ ನಾನು ಕಡಲಿಗೆ ಹೋದದ್ದು ಜಗಳಕ್ಕೆಂದೇ. ಬೇಡವೆಂದರೂ ಹೆಂಚೆ ಹಿಂದೆಯೇ ಬಂದಳು. ಯೆರೂಸಲೇಮಿನ ದೇವಾಲಯ ನಾಶವಾದದ್ದಕ್ಕೆ ನಾವು ಆಚರಿಸುವ ಒಂಬತ್ತು ದಿನದ ಶೋಕ ಮರುದಿನ ಶುರುವಾಗುವುದಿತ್ತು. ಆ ದಿನಗಳಲ್ಲಿ ಈಜುವಂತಿಲ್ಲವಾದ್ದರಿಂದ ಊರಿನ ಹೆಂಗಸರೆಲ್ಲ ಅಂದು ಮರಳಿನ ಮೇಲಿದ್ದರು. ಕಾಲಿಡಲು ಜಾಗವಿರಲಿಲ್ಲ.

"ಒಂದು ಹೋಳು ಕಲ್ಲಂಗಡಿಗೆ ಮಾರಿಬಿಟ್ಯಲ್ಲೇ ನನ್ ಮಗಳನ್ನ!" ಎಂದೆ.

ಫ್ರೂಮೆಟ್ ತಲೆಯೆತ್ತಿದಳು. "ಬ್ರೈನ, ಮನೆಗೆ ನಡಿ. ಇಲ್ಲಿ ಬೇಡ."

"ಯಾಕ್ ಬೇಡ? ನೀನು ಎಂಥವಳು ಅಂತ ಎಲ್ರಿಗೂ ಗೊತ್ತಾಗ್ಲಿ! ಮೂವತ್ತು ವರ್ಷ ಬಾಯ್ ಬಿಟ್ಟಿಲ್ಲ ಅಂತ ಮೆರೀತಿದ್ಯಲ್ಲ? ನನ್ ಹೆಂಚೆ ಮೈಮೇಲಿನ ತೊನ್ನನ್ನ ಆ ಟೌಬರ್‌ಗೆ ಹೇಳಕ್ಕೆ ಮಾತ್ರ ಬಾಯ್ ಬಂತಾ?"

"ಬಾಯ್ ಮುಚ್ಚೇ ಮೂರ್ಖೀ!" ಫ್ರೂಮೆಟ್ ಎದ್ದೇಬಿಟ್ಟಳು. "ಹುಡುಗಿ ನಿನ್ ಹಿಂದೇನೇ ನಿಂತಿದಾಳೆ."

ನಾನು ಮುಚ್ಚಲಿಲ್ಲ. ತೊಡೆ ಎಂದೆ, ಹೊಟ್ಟೆ ಎಂದೆ, ಜೆಲ್ಲಿ ಮೀನು ಕುಟುಕಿದ ದಿನ ಅವಳು ಬಟ್ಟೆ ಎತ್ತಿ ನೋಡಿದ್ದನ್ನು ಹೇಳಿದೆ. ಸುತ್ತಲಿನ ಹೆಂಗಸರೆಲ್ಲ ಇತ್ತ ತಿರುಗಿದ್ದರು. ಫ್ರೂಮೆಟ್ "ನಾನು ಹೇಳಿಲ್ಲ" ಎಂದು ಒಂದು ಸಲ ಅಂದಿದ್ದರೆ ಅರ್ಧ ಜನ ನಂಬುತ್ತಿದ್ದರು. ಅನ್ನಲಿಲ್ಲ. ಅಂದಿದ್ದರೆ, ಹೆಂಚೆಯ ಮೈಮೇಲೆ ಹೇಳುವಂಥದ್ದೇನೋ ಇತ್ತು ಎಂದು ಅವಳೂ ಒಪ್ಪಿಕೊಂಡ ಹಾಗಾಗುತ್ತಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಅಂದು ನನಗೆ ಅವಳು ಸಿಕ್ಕಿಬಿದ್ದ ಕಳ್ಳಿಯಾಗಿಯೇ ಕಂಡಳು.

ಎಲ್ಲರಿಗೂ ಹಾಗೆಯೇ ಕಂಡಳು. ಹೆತ್ತ ಮಗಳ ಮೇಲೆ ಯಾರಾದರೂ ಸುಳ್ಳು ಹೇಳುತ್ತಾರೆಯೇ? ಒಬ್ಬಳು ಟವೆಲ್ ಎಳೆದು ಮೈ ಮುಚ್ಚಿಕೊಂಡಳು. "ನಮ್ದೆಲ್ಲ ಎಲ್ಲೆಲ್ಲಿ ಹೇಳಿದಾಳೋ" ಎಂದಳು ಇನ್ನೊಬ್ಬಳು. ಫ್ರೂಮೆಟ್ ಕುರ್ಚಿ ಮಡಚಲು ಹೋದಳು, ಅದು ಮಡಚುವ ಕುರ್ಚಿಯಲ್ಲ. ಹಾಗೇ ತಲೆಯ ಮೇಲೆ ಹೊತ್ತುಕೊಂಡು ಹೊರಟುಹೋದಳು. ನನಗೆ ಹೊಟ್ಟೆ ತಣ್ಣಗಾಯಿತು. ಅಂದು ನಿಜವಾಗಿ ಸಂತೋಷಪಟ್ಟೆ.

ಹೆಂಚೆ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ.

ಶೋಕದ ದಿನಗಳು ಮುಗಿದ ಮೇಲೆ ಮಿರ್ಲ್ ಮನೆಗೆ ಬಂದಳು. ಬಾಗಿಲಲ್ಲೇ ಶುರುಮಾಡಿದಳು. "ನಿನ್ ಮಗಳ ಪೂರ್ತಿ ಹೆಸರು ಯೋಖೆವೆದ್ ಹೆಂಚೆ ಅಂತ ನಂಗ್ಯಾಕೆ ಮೊದಲೇ ಹೇಳ್ಲಿಲ್ಲ?"

"ಯಾರು ಕರೀತಾರೆ ಯೋಖೆವೆದ್ ಅಂತ? ಯಾಕೀಗ?"

"ಶೈಂಡ್ಲ್‌ದೂ ಪೂರ್ತಿ ಹೆಸರು ಯೋಖೆವೆದ್ ಶೈಂಡ್ಲ್! ನಮ್ಮಲ್ಲಿ ಅತ್ತೆಗೂ ಸೊಸೆಗೂ ಒಂದೇ ಹೆಸರು ಆಗತ್ತೇನೇ? ಬುಧವಾರ ಬೆಳಿಗ್ಗೆ ಆಶೀರ್ವಾದಕ್ಕೆ ಎಲ್ರ ಪೂರ್ತಿ ಹೆಸರು ಬರೆದ ಚೀಟಿ ತೊಗೊಂಡ್ ಹೋದ್ರಂತೆ, ಅವರ ರಬ್ಬಿ ನೋಡಿದ್ದೇ ಬೇಡ ಅಂದ್ರಂತೆ. ಶೈಂಡ್ಲ್ ಅತ್ತುಬಿಟ್ಲಂತೆ."

ನಾನು ಅವಳನ್ನು ಒಳಗೆಳೆದು ಬಾಗಿಲು ಹಾಕಿದೆ.

"ಹುಡುಗಿ ಅಷ್ಟು ಹಿಡಿಸಿದ್ಲು, ತಮ್ಮಕ್ಕನ ಮಗನಿಗೆ ಕೇಳೋಣ ಅಂತಿದ್ರು," ಎಂದಳು ಮಿರ್ಲ್. "ಅಷ್ಟರಲ್ಲಿ ನೀನು ಕಡಲತೀರದಲ್ಲಿ ನಿಂತು ಏನೇನೋ ಕೂಗಿದ್ಯಂತೆ, ಬ್ನೇ ಬ್ರಾಕ್‌ವರೆಗೂ ಹೋಗಿದೆ. ಈಗ ಬೇಡವಂತೆ. ಇನ್ ಎರಡು ಕಡೆಯಿಂದ ಫೋನ್ ಬರೋದಿತ್ತು. ಬರಲ್ಲ ಬಿಡು."

"ಫ್ರೂಮೆಟ್ ಆವತ್ತು ಅವಳಿಗೆ ಏನ್ ಹೇಳಿದ್ಲು?"

"ಹುಡುಗಿ ಚಿನ್ನ, ಅವಳಮ್ಮನ್ನ ಮಾತ್ರ ಸ್ವಲ್ಪ ಸಹಿಸ್ಕೋಬೇಕು ಅಂದ್ಲಂತೆ. ಅಷ್ಟೇ."

ವರ್ಷಕ್ಕೊಮ್ಮೆ, ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಉಪವಾಸಕ್ಕೆ ಮುಂಚೆ, ನೋಯಿಸಿದವರ ಮನೆಬಾಗಿಲಿಗೆ ಹೋಗಿ ಕ್ಷಮೆ ಕೇಳಬೇಕು. ಫ್ರೂಮೆಟ್ ಮನೆಗೆ ಹೋದೆ. ಅವಳು ಸೂರ್ಯಕಾಂತಿ ಬೀಜ ಸುಲಿಯುತ್ತಾ, ಒಳಗೆ ಬಾ ಎನ್ನದೆ ಹೇಳಿದಳು: "ನಂದ್ ಬಿಡು. ಹೋಗಿದ್ದು ಬಾಗಿಲಲ್ಲಿ ಕೂರೋ ಒಂದು ಜಾಗ ತಾನೇ. ಕ್ಷಮಿಸಿದೆ, ಹೋಗು. ಹುಡುಗೀನ ಕೇಳಿದ್ಯಾ?" ಅಷ್ಟು ಸುಲಭವಾಗಿ ಕ್ಷಮಿಸಿದ್ದಕ್ಕೂ ಅವಳ ಮೇಲೆ ನನಗೆ ಸಿಟ್ಟು ಬಂತು. ಇಂದಿಗೂ ಇದೆ. ನಾನು ಇಂಥವಳು.

ಹೆಂಚೆಯನ್ನು ಅಂದೇ ಕೇಳಿದೆ. "ಇಲ್ಲಮ್ಮ, ಆಗಲ್ಲ" ಎಂದಳು. ಮರುವರ್ಷವೂ ಕೇಳಿದೆ, ಅದೇ ಮಾತು, ಅದೇ ಮೆದು ದನಿ. ಈಗ ಅವಳಿಗೆ ಇಪ್ಪತ್ತಮೂರು. ಹೆಂಗಸರ ದಿನ ಕಡಲಿಗೆ ಹೋದರೆ ನಿಲುವಂಗಿ ತೊಡುವುದಿಲ್ಲ.

ಮೂರು ಸಲ ಮನಸಾರೆ ಕೇಳಿಯೂ ಎದುರಿನವರು ಒಪ್ಪದಿದ್ದರೆ, ಕೇಳಿದವರ ಮೇಲಿನ ಭಾರ ಇಳಿಯುತ್ತದೆ ಎಂದು ನಮ್ಮ ನಿಯಮ. ಎರಡು ಸಲ ಕೇಳಿಯಾಗಿದೆ, ಎರಡು ವರ್ಷದಿಂದ ನಾನು ಕೇಳಿಲ್ಲ. ಇನ್ನೊಂದು ಸಲ ಅವಳು "ಆಗಲ್ಲ" ಎಂದರೆ ನನಗೆ ಬಿಡುಗಡೆ. ಅವಳಿಗೆ ಇಲ್ಲ.