ಅಂಟಕ್ಕ ಕೊಯ್ದ ಹಾಳೆ

ಶಾಲೆಯ ಲೈಬ್ರರಿಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ರಟ್ಟು ಕಟ್ಟುವ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಅಂಟಕ್ಕ. ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಕೈ ಮಾತ್ರ, ಅಬ್ಬಾ! ಅವಳು ರಿಪೇರಿ ಮಾಡಿದ ಪುಸ್ತಕ ಎಲ್ಲಿ ಹರಿದಿತ್ತೆಂದು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ.

ಇಂಥವಳು ಒಂದು ಪುಸ್ತಕದ ಕೊನೆಯ ಹಾಳೆಯನ್ನು ಬೇಕೆಂದೇ ಕೊಯ್ದು ತೆಗೆದಿದ್ದಳು.

ಅವಳು ಇದೇ ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಆ ಪುಸ್ತಕ ಓದಿದ್ದರು. ಕುಂಟು ಹುಡುಗಿಯೊಬ್ಬಳು ಗೋಡೆ ಮೇಲೆ ಕೂತು, ಕಳೆದುಹೋದ ಆಡಿನ ಮರಿ ಎಲ್ಲಿದೆಯೆಂದು ಕೂಗಿ ಹೇಳಿ ಅದನ್ನು ಉಳಿಸುತ್ತಾಳೆ. ಕೊನೆಯ ಹಾಳೆಯಲ್ಲಿ, ಆ ಪುಣ್ಯಕ್ಕೆ, ಬೆಳಗಾಗುವಷ್ಟರಲ್ಲಿ ಅವಳ ಕಾಲು ನೆಟ್ಟಗಾಗಿಬಿಡುತ್ತದೆ! ಓದಿ ಮುಗಿಸಿದ ಮೇಷ್ಟ್ರು ಕಿಟಕಿ ಪಕ್ಕದ ಬೆಂಚಿನತ್ತ ಬೆರಳು ತೋರಿಸಿ, "ನೀನೂ ಒಳ್ಳೆಯವಳಾಗಿರು, ನಿನ್ನ ಕಾಲೂ ಸರಿಹೋಗತ್ತೆ" ಅಂದರು. ನಲವತ್ತು ತಲೆಗಳು ಒಟ್ಟಿಗೆ ಅವಳ ಕಡೆ ತಿರುಗಿದವು. ಆಮೇಲೆ ಅವಳು ಪೆನ್ಸಿಲ್ ಕಳೆದರೂ, ಮಗ್ಗಿ ತಪ್ಪಿದರೂ ಕ್ಲಾಸಿನವರದು ಒಂದೇ ಮಾತು: "ಅದಕ್ಕೇ ಕಣೇ ನಿನ್ನ ಕಾಲು ಹಾಗೇ ಇರೋದು!" ಒಂದಿಡೀ ವರ್ಷ ಆ ಹುಡುಗಿ ಯಾರ ಜೊತೆಗೂ ಜಗಳ ಆಡಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೊದಿಕೆ ಸರಿಸಿ ಕಾಲು ನೋಡಿಕೊಳ್ಳುತ್ತಿದ್ದಳು.

ಲೈಬ್ರರಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಕಪಾಟು ಜಾಲಾಡಿ ಆ ಪುಸ್ತಕ ಹಿಡಿದಳು. ಬ್ಲೇಡಿನಿಂದ ಹಾಳೆಯನ್ನು ಬುಡಕ್ಕೇ ಕೊಯ್ದು ಹೊಸ ರಟ್ಟು ಕೂರಿಸಿದಳು. ಕಥೆ ಈಗ ಮರಿ ಸಿಕ್ಕಲ್ಲಿಗೇ ಮುಗಿಯುತ್ತಿತ್ತು. ಮಕ್ಕಳಿಗೆ ಅದೇ ಬಾಯಿಪಾಠ.

ಮೊನ್ನೆ ಮೂರನೇ ಕ್ಲಾಸಿನ ಟೀಚರಮ್ಮ ಅಂಗವಿಕಲ ಮಕ್ಕಳ ಕಥೆಗಳನ್ನು ಓದಿಸಿ ಚರ್ಚೆ ಮಾಡಿಸಲು ಹೊರಟರು. ಮೊದಲ ದಿನ ಓದಲು ಯಾರನ್ನು ಕರೆಸಬೇಕು? ಅದೇ ಮೇಷ್ಟ್ರನ್ನು! ನಿವೃತ್ತರಾಗಿ ಮನೆಯಲ್ಲಿದ್ದ ಅವರು ಬಂದು ಕೇಳಿದ್ದೂ ಅದೇ ಪುಸ್ತಕ. ಮುಂದಿನ ಬೆಂಚಿನಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ ಹುಡುಗಿ ಕೂತಿದ್ದಳು. ಪುಸ್ತಕ ತಂದ ಅಂಟಕ್ಕ ಅವಳನ್ನು ನೋಡಿದಳು. ಹಾಳೆಯನ್ನೇನೋ ಕೊಯ್ದಾಗಿತ್ತು, ಮುದುಕನ ನಾಲಿಗೆ ಇನ್ನೂ ಇತ್ತಲ್ಲ! ಆ ಕೊನೆಯನ್ನು ಬಾಯಲ್ಲೇ ಹೇಳಿಬಿಟ್ಟರೆ ಈ ಮಗುವೂ ನಾಳೆಯಿಂದ ಹೊದಿಕೆ ಸರಿಸಿ ನೋಡಿಕೊಳ್ಳುತ್ತದೆ. ಪುಸ್ತಕ ಕೊಟ್ಟು ಬಾಗಿಲಲ್ಲೇ ಹಲ್ಲು ಕಚ್ಚಿ ನಿಂತಳು.

ಮೇಷ್ಟ್ರು ರಾಗವಾಗಿ ಓದಿದರು. ಮರಿ ಸಿಕ್ಕಿತು. ಪುಟ ತಿರುಗಿಸಿದರೆ ಬರೀ ರಟ್ಟು. ಒಂದು ಗಳಿಗೆ ತಡವರಿಸಿ, ನಕ್ಕು, "ಮಾರನೇ ದಿನ ಬೆಳಿಗ್ಗೆ ನೋಡ್ತಾಳೆ, ಕಾಲು..." ಎನ್ನುತ್ತಾ ಮುಂದಿನ ಬೆಂಚಿನ ಕಡೆ ಬೆರಳೆತ್ತಿದರು.

"ಇಲ್ಲಾ ಸಾರ್, ಮುಗೀತು!" ಎಂದು ಕ್ಲಾಸೇ ಕೂಗಿತು.

"ಮುಗಿದಿಲ್ಲ ಮಕ್ಕಳೇ. ಅವಳ ಕಾಲು ಸರಿಹೋಗತ್ತೆ."

"ಯಾಕೆ ಸಾರ್?" ಪಟ್ಟಿ ಕಟ್ಟಿದ ಹುಡುಗಿ ಕೇಳಿದಳು. "ಮರಿ ಸಿಕ್ತಲ್ಲ, ಸಾಕಲ್ವಾ? ನೀವು ಸುಮ್ಮನೆ ಏನೇನೋ ಸೇರಿಸ್ತಾ ಇದೀರ."

ನಲವತ್ತು ತಲೆಗಳು ಒಟ್ಟಿಗೆ ಮೇಷ್ಟ್ರ ಕಡೆ ತಿರುಗಿದವು. ಎತ್ತಿದ ಬೆರಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕಿವಿ ಕೆಂಪಾಯಿತು. ಅಂಟಕ್ಕನ ಹೊಟ್ಟೆ ತಣ್ಣಗಾಯಿತು.

ಆಮೇಲೆ ಅವರು ಲೈಬ್ರರಿಗೆ ಬಂದರು. "ಕೊನೇ ಹಾಳೆ ಯಾರಮ್ಮ ಹರಿದಿದ್ದು?"

"ಹರಿದಿಲ್ಲ ಸಾರ್, ಕೊಯ್ದಿದ್ದು. ನಾನೇ. ಮೂರನೇ ಕ್ಲಾಸು, ಕಿಟಕಿ ಪಕ್ಕದ ಬೆಂಚು. ಬೆರಳು ತೋರಿಸಿದ್ರಿ."

ಮೇಷ್ಟ್ರು ಅವಳ ಮುಖ ನೋಡಿದರು, ಕಾಲು ನೋಡಿದರು. "ಎಷ್ಟೋ ಮಕ್ಕಳು ಬಂದು ಹೋದ್ರಮ್ಮ. ನೆನಪಿಲ್ಲ."

ಅವಳ ಮೈ ಮತ್ತೆ ಉರಿಯಿತು. ಇಷ್ಟು ವರ್ಷ ಅವಳನ್ನು ಸುಟ್ಟದ್ದು ಈ ಮನುಷ್ಯನಿಗೆ ನೆನಪೂ ಇಲ್ಲ!

"ಬೇಡ ಬಿಡಿ. ಇವತ್ತಿಂದು ನೆನಪಿರತ್ತಲ್ಲ, ಅಷ್ಟು ಸಾಕು."

"ಆ ಹಾಳೆ ಇದ್ರೆ ಕೊಡಮ್ಮ, ಮತ್ತೆ ಸೇರಿಸಿಬಿಡೋಣ."

ಅಂಟಕ್ಕ ಬ್ರಷ್ಷನ್ನು ಅಂಟಿನ ಡಬ್ಬಿಗೆ ಅದ್ದಿದಳು. "ಅದು ಯಾವತ್ತೋ ಹೋಯ್ತು ಸಾರ್. ಅಂಟು ಹಚ್ಚುವಾಗ ಮೇಜು ಕೊಳೆ ಆಗಬಾರದು ಅಂತ ಕೆಳಗೆ ಹಾಸ್ಕೊಂಡೆ."